ಊರಿನ ದರ್ಜೆ: ಕೊಪ್ಪಳ ಸೀಮೆಯ ಸಣ್ಣ ಪಟ್ಟಣಗಳ ಆಡಳಿತ ಚರಿತ್ರೆ

ಪ್ರತಿಯೊಂದು ಊರಿಗೂ ಎರಡು ಹೆಸರುಗಳಿರುವವು. ಒಂದು, ಜನರು ಕರೆಯುವ ಹೆಸರು. ಅದು ಶತಮಾನಗಳು ಉರುಳಿದರೂ ಅಕ್ಷರವೊಂದು ಸವೆದು, ಸ್ವರವೊಂದು ತಿರುಗಿ, ಬಹುಮಟ್ಟಿಗೆ ಹಾಗೆಯೇ ಉಳಿಯುವದು. ಇನ್ನೊಂದು, ಸರಕಾರದ ದಫ್ತರಿನಲ್ಲಿ ಬರೆಯಲ್ಪಡುವ ಹೆಸರು. ಗ್ರಾಮ, ಕಸಬೆ, ಪಟ್ಟಣ, ನಗರ, ಜಹಗೀರು, ಸಂಸ್ಥಾನ ಎಂಬಿವೇ ಮುಂತಾದವು ಈ ಬಗೆಯವು. ಕೊಪಣವು ಕೊಪ್ಪಳವಾದ ಬಗೆಯನ್ನೂ ಎರಂಬರಗೆಯು ಯಲಬುರ್ಗೆಯಾದ ಬಗೆಯನ್ನೂ ಕುರಿತು ನಮ್ಮ ವಿದ್ವಾಂಸರು ಬೇಕಾದಷ್ಟು ಚರ್ಚಿಸಿದ್ದಾರೆ. ಎರಡನೆಯ ಬಗೆಯ ಹೆಸರನ್ನು ಕುರಿತು ವಿಚಾರಿಸಿದವರು ವಿರಳ. ಆದರೆ ಕರವನ್ನು ಯಾರಿಗೆ ಕೊಡಬೇಕು, ಬಾವಿ ಬತ್ತಿದರೆ ಯಾರ ಬಾಗಿಲಿಗೆ ಹೋಗಬೇಕು, ಕಳವಾದರೆ ಯಾರ ಚಾವಡಿಯಲ್ಲಿ ಫಿರ್ಯಾದು ಹೇಳಬೇಕು, ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು, ಇವೆಲ್ಲವನ್ನು ಗೊತ್ತು ಮಾಡುವದು ಈ ಎರಡನೆಯ ಹೆಸರೇ. ಆದ ಕಾರಣ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ಸಣ್ಣ ಪಟ್ಟಣಗಳಿಗೆ ಕಾಲಕಾಲಕ್ಕೆ ಯಾವ ಯಾವ ದರ್ಜೆಗಳು ದೊರೆತವು, ಅವನ್ನು ಕೊಟ್ಟವರಾರು, ಕೊಡುವಾಗ ಊರವರನ್ನು ಕೇಳಿದರೋ ಇಲ್ಲವೋ ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವದೇ ಈ ಲೇಖನದ ಉದ್ದೇಶವು.

ಊರುಗಳನ್ನು ವರ್ಗಗಳಾಗಿ ವಿಂಗಡಿಸುವ ಪದ್ಧತಿಯು ನಮಗೆ ಹೊಸದಲ್ಲ. ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ಪತ್ತನ, ದ್ರೋಣಾಮುಖ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಒಂದರ ಹಿಂದೊಂದು ಬರುವದನ್ನು ಓದುಗರು ಬಲ್ಲರು. ಮಣ್ಣಿನ ಕೋಟೆಯುಳ್ಳದ್ದು ಖೇಡವೆಂದೂ, ನೀರಿನ ಹಾದಿ ನೆಲದ ಹಾದಿಗಳೆರಡೂ ಕೂಡುವದು ದ್ರೋಣಾಮುಖವೆಂದೂ ಜೈನ ಗ್ರಂಥಗಳು ಇವಕ್ಕೆ ಅರ್ಥ ಹೇಳುವವು. ಊರಿನ ಆಕಾರವನ್ನೂ ಕಸುಬನ್ನೂ ನೋಡಿ ಇಟ್ಟ ಹೆಸರುಗಳಿವು. ಆಡಳಿತದಲ್ಲಿ ಇದಕ್ಕಿಂತ ಮುಖ್ಯವಾದ ವಿಂಗಡಣೆಯೆಂದರೆ, ಊರು ಯಾರ ಕೈಯಲ್ಲಿದೆಯೆಂಬುದು. ಒಕ್ಕಲಿಗರ ಊರಿಗೆ ಗಾವುಂಡನು, ಅಗ್ರಹಾರಕ್ಕೆ ಮಹಾಜನರು, ವ್ಯಾಪಾರದ ಪಟ್ಟಣಕ್ಕೆ ಸೆಟ್ಟಿಗಳು ಹಾಗೂ ನಖರಗಳು. ನಮ್ಮ ಕುಕನೂರು ಮಹಾಜನರ ಅಗ್ರಹಾರವಾಗಿದ್ದು, ಮೂವತ್ತು ಹಳ್ಳಿಗಳ ಒಂದು ಚಿಕ್ಕ ನಾಡಿಗೂ ತನ್ನ ಹೆಸರನ್ನು ಕೊಟ್ಟಿತ್ತು. ಕೊಪಣವು ಜೈನರ ಮಹಾತೀರ್ಥವಾಗಿತ್ತು. ಎರಂಬರಗೆಯು ಸಿಂದರ ರಾಜಧಾನಿಯಾಗಿತ್ತು. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಮೂರು ಊರುಗಳು ಅಂದು ಮೂರು ಬೇರೆ ಬೇರೆ ಜಾತಿಯ ಊರುಗಳು. ದರ್ಜೆಯನ್ನು ಕೊಡುತ್ತಿದ್ದುದು ಅರಸನ ದತ್ತಿ. ಆದರೆ ದತ್ತಿ ಬಂದ ಬಳಿಕ ಊರ ಕೆಲಸವನ್ನು ಊರವರೇ, ಎಂದರೆ ಊರಿನ ಮೇಲ್ಜಾತಿಯವರೂ ಹಣವುಳ್ಳವರೂ ನಡೆಸುತ್ತಿದ್ದರು. ಈ ಕೊನೆಯ ಮಾತನ್ನು ಮರೆತು ಆ ಕಾಲವನ್ನು ಹೊಗಳುವದು ಸರಿಯಲ್ಲ.

ವಿಜಯನಗರವು ಅಳಿದ ಮೇಲೆ ಈ ಸೀಮೆಯು ಕೈಯಿಂದ ಕೈಗೆ ಹೋಯಿತು. ೧೭೮೬ರಲ್ಲಿ ಟಿಪ್ಪು ಸುಲ್ತಾನನು ಕೊಪ್ಪಳದ ಕೋಟೆಯನ್ನು ಪಾಳೆಯಗಾರನಿಂದ ಗೆದ್ದುಕೊಂಡು ಫ್ರೆಂಚ್ ಎಂಜಿನಿಯರರಿಂದ ಅದನ್ನು ಬಲಪಡಿಸಿದನು. ೧೭೯೦ರಲ್ಲಿ ಇಂಗ್ಲಿಷರ ಹಾಗೂ ನಿಜಾಮರ ಸೇನೆಗಳು ಅದನ್ನು ಮುತ್ತಿ, ಮರುವರ್ಷ ವಶಮಾಡಿಕೊಂಡವು. ಆ ಮೇಲೆ ೧೯೪೮ರ ವರೆಗೂ ಈ ನಾಡು ಹೈದರಾಬಾದ ಸಂಸ್ಥಾನದ್ದಾಗಿತ್ತು.

ಹೈದರಾಬಾದಿನಲ್ಲಿ ಊರೊಂದರ ದರ್ಜೆಯನ್ನು ತಿಳಿಯಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ, 'ಇದು ಎಷ್ಟು ದೊಡ್ಡದು?' ಎಂಬುದಲ್ಲ, 'ಇದು ಯಾರದು?' ಎಂಬುದು. ಸಂಸ್ಥಾನದ ನೆಲದಲ್ಲಿ ಹತ್ತರಲ್ಲಿ ಸುಮಾರು ಆರು ಪಾಲು ದಿವಾನಿ, ಎಂದರೆ ಸರಕಾರದ ನೇರ ಆಡಳಿತಕ್ಕೆ ಸೇರಿದ್ದು. ಸುಮಾರು ಒಂದು ಪಾಲು ಸರ್ಫ್-ಎ-ಖಾಸ್, ಎಂದರೆ ನಿಜಾಮರ ಸ್ವಂತ ಖರ್ಚಿನದು. ಉಳಿದ ಮೂರು ಪಾಲಿನಷ್ಟು ಜಹಗೀರುದಾರರದು, ಪಾಯಗಾ ಸರದಾರರದು, ಹಳೆಯ ಸಂಸ್ಥಾನಿಕರದು. ನಮ್ಮ ನಾಲ್ಕು ಸೀಮೆಗಳಲ್ಲಿ ಈ ಭೇದವು ಕಣ್ಣಿಗೆ ಕಟ್ಟುವಂತಿತ್ತು. ಗಂಗಾವತಿ ಕುಷ್ಟಗಿಗಳು ದಿವಾನಿ ತಾಲ್ಲೂಕುಗಳು. ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿಯ ಮಗ್ಗುಲಲ್ಲಿಯೇ ತುಂಗಭದ್ರೆಯ ದಂಡೆಯ ಮೇಲೆ ಆನೆಗೊಂದಿಯು ವಿಜಯನಗರದ ಅರಸುಮನೆತನದ ವಂಶಸ್ಥರ ಕೈಯಲ್ಲುಳಿದ ಒಂದು ಪುಟ್ಟ ಸಂಸ್ಥಾನ.

ಈ ಮೂರು ದರ್ಜೆಗಳಲ್ಲಿ ಜನರ ಪಾಡು ಹೇಗಿತ್ತೆಂಬುದನ್ನು ನೋಡೋಣ. ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು ೧೮೬೫ರಲ್ಲಿ ಜಿಲ್ಲಾಬಂದಿಯನ್ನು ಏರ್ಪಡಿಸಿದ ತರುವಾಯ, ದಿವಾನಿ ಊರಿನ ಒಕ್ಕಲಿಗನ ಮೇಲೆ ಹಂತಹಂತವಾಗಿ ಗೌಡ ಕುಲಕರ್ಣಿಗಳು, ತಹಸೀಲ್ದಾರನು, ಅವ್ವಲ ತಾಲ್ಲೂಕದಾರನು, ಗುಲಬರ್ಗೆಯ ಸುಭೇದಾರನು ಹೀಗೆ ಅಧಿಕಾರಿಗಳ ಸಾಲು ನಿಂತಿತು. ಕುಷ್ಟಗಿ ಗಂಗಾವತಿಗಳು ಲಿಂಗಸುಗೂರು ಜಿಲ್ಲೆಗೆ ಸೇರಿದ್ದವು. ೧೯೦೫ರಲ್ಲಿ ಆ ಜಿಲ್ಲೆಯನ್ನೇ ಒಡೆದು ಈ ಎರಡು ತಾಲ್ಲೂಕುಗಳನ್ನು ರಾಯಚೂರಿಗೆ ಹಚ್ಚಿದರು. ಲೇಖನಿಯ ಒಂದೇ ಗೀಟಿನಿಂದ ಕುಷ್ಟಗಿಯವನ ಜಿಲ್ಲಾ ಕಚೇರಿಯು ಎರಡು ಪಟ್ಟಿಗಿಂತ ಹೆಚ್ಚು ದೂರಕ್ಕೆ ಸರಿಯಿತು. ಇಷ್ಟಾದರೂ ದಿವಾನಿಯವನಿಗೆ ಒಂದು ಅನುಕೂಲವಿತ್ತು: ಒಬ್ಬ ಅಧಿಕಾರಿಯು ತಪ್ಪು ಮಾಡಿದರೆ ದೂರು ಹೇಳಲು ಅವನ ಮೇಲೆ ಇನ್ನೊಬ್ಬನಿದ್ದನು.

ಜಹಗೀರಿನಲ್ಲಿ ಈ ಸೌಕರ್ಯವು ಕಡಿಮೆ. ದೊಡ್ಡ ಜಹಗೀರುಗಳಲ್ಲಿ ಕಂದಾಯದ ಅಧಿಕಾರಿ, ಪೊಲೀಸು, ನ್ಯಾಯಕಚೇರಿ ಮೂರೂ ಜಹಗೀರುದಾರನವೇ. ಕೊಪ್ಪಳದ ವ್ಯಾಪಾರಸ್ಥನು ಕೊಟ್ಟ ಹಣವು ರಾಜಧಾನಿಯಲ್ಲಿದ್ದ ಒಡೆಯನ ದೇವಡಿಗೆ ಹೋಗುತ್ತಿತ್ತು. ಅದರಲ್ಲಿ ಎಷ್ಟು ಪಾಲು ಕೊಪ್ಪಳದ ಬೀದಿಗೆ ಮರಳಬೇಕೆಂಬುದು ಒಡೆಯನ ಚಿತ್ತಕ್ಕೆ ಬಿಟ್ಟದ್ದು. ೧೯ನೆಯ ಶತಮಾನದ ಎಂಬತ್ತರ ದಶಕದಲ್ಲಿ ಗದಗಿನಿಂದ ಹೊಸಪೇಟೆಗೆ ಹೋಗುವ ರೇಲ್ವೆಯು ಕೊಪ್ಪಳದ ಮೇಲೆ ಹಾದುಹೋಯಿತು. ಹತ್ತಿ ಕಾಳುಗಳ ವ್ಯಾಪಾರವು ಬೆಳೆಯಿತು. ಊರು ನಿಜವಾಗಿ ಪೇಟೆಯಾಯಿತು, ಆದರೆ ದಫ್ತರಿನಲ್ಲಿ ಅದು ಸರದಾರನ ಸೊತ್ತಾಗಿಯೇ ಉಳಿಯಿತು. ಪಡುವಲಕ್ಕೆ ಹೋದರೆ ಗದಗು, ಮುಂಬಯಿ ಇಲಾಖೆಯ ೧೯೦೧ರ ಕಾನೂನಿನ ಮುನಿಸಿಪಾಲಿಟಿ. ಮೂಡಲಕ್ಕೆ ಹೋದರೆ ಬಳ್ಳಾರಿ, ಮದರಾಸು ಇಲಾಖೆಯ ಮುನಿಸಿಪಾಲಿಟಿ. ಮೂರೂ ಕನ್ನಡದ ಪೇಟೆಗಳೇ. ಆದರೆ ಕೊಪ್ಪಳದವನು ಗದಗಿನ ಸಂತೆಗೆ ಹೋಗಬೇಕಾದರೆ ಕರೋಡಗಿರಿಯ ನಾಕೆಯಲ್ಲಿ ಗಂಟು ಬಿಚ್ಚಿ ತೋರಿಸಬೇಕು, ಹಾಲಿಸಿಕ್ಕಾ ರೂಪಾಯಿಯನ್ನು ಕಂಪನಿ ರೂಪಾಯಿಗೆ ಬದಲಿಸಬೇಕು. ಕಚೇರಿಯ ಭಾಷೆಯು ಮೊದಲು ಪಾರಸಿ, ೧೮೮೪ರ ಸುಮಾರಿನಿಂದ ಉರ್ದು. ಆದುದರಿಂದ ಬರೆಯಬಲ್ಲ ಕನ್ನಡಿಗನೂ ಕಚೇರಿಯ ಮುಂದೆ ಅರ್ಜಿ ಬರೆಯುವವನನ್ನು ಹುಡುಕಬೇಕಾಗುತ್ತಿತ್ತು.

ಹೀಗೆ ಪಟ್ಟಣಕ್ಕೆ ಪಟ್ಟಣವೇ ಒಬ್ಬ ಸರದಾರನ ಸೊತ್ತಾಗಿರುವದು ನಮ್ಮಲ್ಲಿ ಮಾತ್ರ ನಡೆದುದೆಂದು ವಾಚಕರು ತಿಳಿಯಬಾರದು. ಯುರೋಪದ ಮೂಡಣ ಭಾಗದಲ್ಲಿ, ಹಳೆಯ ಪೋಲೆಂಡ-ಲಿಥುವಾನಿಯ ರಾಜ್ಯದಲ್ಲಿ, ಇದೇ ರೀತಿಯು ನೂರಾರು ಊರುಗಳಲ್ಲಿತ್ತು. ಅಲ್ಲಿಯ ಸಣ್ಣ ಪೇಟೆಗಳಲ್ಲಿ ಯೆಹೂದ್ಯರು ಬಹುಸಂಖ್ಯೆಯಿಂದ ನೆಲಸಿದ್ದರು. ಅವರ ಯಿಡ್ಡಿಶ್ ಭಾಷೆಯಲ್ಲಿ ಇಂಥ ಊರಿಗೆ 'ಶ್ಟೆಟ್ಲ್' ಎನ್ನುವರು. ಪುಟ್ಟ ಪೇಟೆ ಎಂದರ್ಥ. ಊರಿನ ದರ್ಜೆಯೆಂಬುದು ಮನುಷ್ಯನ ಬಾಳನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಬಲ್ಲದೆಂಬುದಕ್ಕೆ ಇವುಗಳ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. ಆದ ಕಾರಣ ಸ್ವಲ್ಪ ಹೊತ್ತು ಅತ್ತ ಹೊರಳುವದು ಅಪ್ರಸ್ತುತವಾಗದು.

ಪೋಲೆಂಡಿನ ಪಟ್ಟಣಗಳಲ್ಲಿ ಎರಡು ಬಗೆ: ಅರಸನವು, ಸರದಾರರವು. ಸರದಾರರ ಪಟ್ಟಣದಲ್ಲಿರುವ ಯೆಹೂದ್ಯರ ಮೇಲೆ ಆ ಸರದಾರನದೇ ಅಧಿಕಾರವೆಂದು ೧೫೩೯ರಲ್ಲಿ ಕಾನೂನಾಯಿತು. ನಮ್ಮ ದಿವಾನಿ-ಜಹಗೀರುಗಳ ಭೇದವೇ ಇದು. ಸರದಾರನಿಗೆ ಸಂತೆಯ ಸುಂಕ ಬೇಕಾಗಿತ್ತು. ಯೆಹೂದ್ಯರಿಗೆ ನೆಲೆ ಬೇಕಾಗಿತ್ತು. ಹೀಗಾಗಿ ೧೮ನೆಯ ಶತಮಾನದ ಹೊತ್ತಿಗೆ ಆ ರಾಜ್ಯದ ಯೆಹೂದ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸರದಾರರ ಊರುಗಳಲ್ಲಿಯೇ ಇದ್ದರು. ಊರು ಒಡೆಯನದಾದರೂ ಅವರ ಒಳಗಿನ ಕೆಲಸಗಳನ್ನು, ಎಂದರೆ ತೆರಿಗೆಯ ಹಂಚಿಕೆ, ಧರ್ಮಾದಾಯ, ವ್ಯಾಜ್ಯಗಳ ತೀರ್ಮಾನಗಳನ್ನು 'ಕಹಲ್' ಎಂಬ ಅವರದೇ ಪಂಚಾಯತಿಯು ನೋಡಿಕೊಳ್ಳುತ್ತಿತ್ತು. ನಮ್ಮ ಅಗ್ರಹಾರದ ಮಹಾಜನರಂತೆ ಇಲ್ಲಿಯೂ ಹಣವುಳ್ಳವರ ಮಾತೇ ಮೇಲಾಗುತ್ತಿತ್ತೆಂಬುದು ನಿಜ. ಆದರೂ ಅದು ಊರೊಳಗಿನ ಮಾತು.

೧೭೭೨ರಿಂದ ೧೭೯೫ರ ವರೆಗೆ ಮೂರು ಸಲ ಪೋಲೆಂಡನ್ನು ನೆರೆಯ ಅರಸರು ಹಂಚಿಕೊಂಡರು. ಈ ಊರುಗಳಲ್ಲಿ ಬಹುಭಾಗವು ರಶಿಯಕ್ಕೆ ಸೇರಿತು. ರಶಿಯದ ಸರಕಾರವು ಯೆಹೂದ್ಯರು ರಾಜ್ಯದ ಪಶ್ಚಿಮದ ಅಂಚಿನ ಕೆಲವು ಪ್ರಾಂತಗಳಲ್ಲಿ ಮಾತ್ರ ವಾಸಿಸತಕ್ಕದ್ದೆಂದು ಎಲ್ಲೆ ಹಾಕಿತು. ೧೮೪೪ರಲ್ಲಿ ಕಹಲನ್ನು ರದ್ದುಮಾಡಿತು. ಊರುಗಳನ್ನು ನಗರ, 'ಮೆಸ್ತೆಚ್ಕೊ', ಹಳ್ಳಿ ಎಂದು ವಿಂಗಡಿಸಿತು. ಮೆಸ್ತೆಚ್ಕೊ ಎಂಬುದು ನಗರಕ್ಕೂ ಹಳ್ಳಿಗೂ ನಡುವಣ, ಸಂತೆಯುಳ್ಳ ಸಣ್ಣ ಪೇಟೆ. ನಮ್ಮ ಕಸಬೆಯ ಹಾಗೆ. ಇಲ್ಲಿಯ ವರೆಗೆ ಇದು ಬರಿಯ ದಫ್ತರಿನ ಮಾತು. ಆದರೆ ೧೮೮೨ರ ಮೇ ತಿಂಗಳಲ್ಲಿ ಒಂದು 'ತಾತ್ಪೂರ್ತಿಕ' ನಿಯಮವು ಹೊರಟಿತು: ಆ ಎಲ್ಲೆಯೊಳಗೂ ಯೆಹೂದ್ಯರು ಇನ್ನು ಮುಂದೆ ನಗರ ಹಾಗೂ ಮೆಸ್ತೆಚ್ಕೊಗಳ ಹೊರಗೆ ಹೊಸದಾಗಿ ನೆಲಸಕೂಡದು.

ಇದರ ಪರಿಣಾಮವನ್ನು ಊಹಿಸಿಕೊಳ್ಳಿರಿ. ಒಂದು ಊರು ಮೆಸ್ತೆಚ್ಕೊ ಎಂದು ಬರೆಯಲ್ಪಟ್ಟರೆ ಅಲ್ಲಿ ಮನೆಮಾಡಬಹುದು. ಹಳ್ಳಿಯೆಂದು ಬರೆಯಲ್ಪಟ್ಟರೆ ಹೊಸಬರು ಅಲ್ಲಿ ಕಾಲಿಡುವಂತಿಲ್ಲ. ಅದೇ ಬೀದಿ, ಅದೇ ಸಂತೆ, ಅದೇ ಮನೆ. ಬದಲಾಗುವದು ಒಂದು ಶಬ್ದ ಮಾತ್ರ. ಕೆಲವೆಡೆ ಪ್ರಾಂತಾಧಿಕಾರಿಗಳು ಮೆಸ್ತೆಚ್ಕೊಗಳನ್ನೇ ಹಳ್ಳಿಗಳೆಂದು ತಿರುಗಿ ಬರೆದರು. ಇಂಥ ಊರು ಪೇಟೆಯೋ ಹಳ್ಳಿಯೋ ಎಂಬ ವ್ಯಾಜ್ಯಗಳು ರಾಜಧಾನಿಯ ಸೆನೆಟ್ ನ್ಯಾಯಸ್ಥಾನದ ವರೆಗೆ ಹೋದವು. ೧೯೦೩ರಲ್ಲಿ ಸರಕಾರವು ಪೇಟೆಯಂತೆಯೇ ಬೆಳೆದಿದ್ದ ೧೦೧ ಹಳ್ಳಿಗಳ ಪಟ್ಟಿಯನ್ನು ಹೊರಡಿಸಿ ಅಲ್ಲಿ ವಾಸಕ್ಕೆ ಅಪ್ಪಣೆಯಿತ್ತಿತು. ೧೮೯೭ರ ಜನಗಣತಿಯಲ್ಲಿ ರಶಿಯದ ಯೆಹೂದ್ಯರ ಸಂಖ್ಯೆಯು ಸುಮಾರು ೫೨ ಲಕ್ಷ. ಅಷ್ಟು ಜನರಿಗೆ ಈ ನೂರು ಹಳ್ಳಿಗಳ ಔದಾರ್ಯವೆಷ್ಟೆಂಬುದನ್ನು ಹೇಳಬೇಕಾದುದಿಲ್ಲ. ತಾತ್ಪೂರ್ತಿಕವೆಂದು ಬಂದ ನಿಯಮವು ೧೯೧೭ರ ಕ್ರಾಂತಿಯ ವರೆಗೆ, ಮೂವತ್ತೈದು ವರ್ಷ ನಡೆಯಿತು. ಇತ್ತ ಪೋಲೆಂಡಿನಲ್ಲಿ, ೧೮೬೩ರ ಬಂಡಾಯವನ್ನು ಅಡಗಿಸಿದ ಮೇಲೆ, ೧೮೬೯ರ ಒಂದು ಆಜ್ಞೆಯಿಂದ ೩೩೦ಕ್ಕೂ ಹೆಚ್ಚು ಪಟ್ಟಣಗಳು ಪಟ್ಟಣತನವನ್ನು ಕಳೆದುಕೊಂಡು ಬರಿಯ ವಸತಿಗಳಾದವು. ಕಡೆಗೆ, ಎರಡನೆಯ ಮಹಾಯುದ್ಧದಲ್ಲಿ ನಾಜಿ ಜರ್ಮನಿಯು ಈ ಪುಟ್ಟ ಪೇಟೆಗಳ ಯೆಹೂದ್ಯ ಜನರನ್ನೇ ಊರೂರಾಗಿ ಕೊಂದುಹಾಕಿತು. ಇಂದು ಆ ಊರುಗಳಲ್ಲಿ ಹಲವು ಇವೆ. ಅವುಗಳನ್ನು ಶ್ಟೆಟ್ಲ್ ಎಂದು ಕರೆಯುತ್ತಿದ್ದವರು ಇಲ್ಲ.

ನಮ್ಮ ಕೊಪ್ಪಳದ ದುಃಖವನ್ನು ಈ ಮಹಾದುಃಖದೊಂದಿಗೆ ಹೋಲಿಸುವದು ಉಚಿತವಲ್ಲ. ಅದು ನನ್ನ ಉದ್ದೇಶವೂ ಅಲ್ಲ. ನಮ್ಮಲ್ಲಿ ಇಂಥ ಜಾತಿಯವರು ಇಂಥ ದರ್ಜೆಯ ಊರಿನಲ್ಲಿ ಮಾತ್ರ ಇರತಕ್ಕದ್ದೆಂದು ಹೈದರಾಬಾದ ಸರಕಾರವು ವಿಧಿಸಿರಲಿಲ್ಲ. ಊರೊಳಗೆ ಯಾರ ಕೇರಿ ಎಲ್ಲಿರಬೇಕೆಂದು ವಿಧಿಸುವ ಪಾಪವನ್ನು ನಾವು ಸರಕಾರದ ನೆರವಿಲ್ಲದೆಯೇ ಮಾಡಿಕೊಂಡಿದ್ದೆವು. ಹೋಲಿಕೆಯಿಂದ ಕಲಿಯಬೇಕಾದುದು ಇಷ್ಟೇ: ಊರಿಗೆ ಹೆಸರಿಡುವವನು ದೂರದಲ್ಲಿದ್ದು, ಊರವರ ಮಾತಿಗೆ ಅಲ್ಲಿ ಎಡೆಯಿಲ್ಲದಿದ್ದರೆ, ನಿರಪಾಯವಾಗಿ ಕಾಣುವ ಹೆಸರು ಯಾವ ದಿನವಾದರೂ ಬೇಲಿಯಾಗಬಹುದು.

ನಮ್ಮ ಸೀಮೆಯಲ್ಲಿ ಒಡೆತನದ ಕಾಲವು ಮುಗಿದುದು ೧೯೪೮-೪೯ರಲ್ಲಿ. ಅಳವಂಡಿ ಶಿವಮೂರ್ತಿಸ್ವಾಮಿಗಳೇ ಮೊದಲಾದವರು ಎಲ್ಲೆಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದರು. ೧೯೪೮ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯು ನಡೆಯಿತು. ೧೯೪೯ರ ಆಗಸ್ಟ ೧೫ರಂದು ಜಹಗೀರುಗಳ ರದ್ದತಿಯ ನಿಯಮವು ಜಾರಿಗೆ ಬಂದಿತು. ಅದೇ ವರ್ಷದ ಮಾರ್ಚಿನಲ್ಲಿ ಮೂರನೆಯ ಸಾಲಾರ್ ಜಂಗರು ಸಂತಾನವಿಲ್ಲದೆ ತೀರಿಕೊಂಡಿದ್ದರು. ಅವರು ಕೂಡಿಸಿದ ಚಿತ್ರ, ಶಿಲ್ಪ, ಗ್ರಂಥಗಳ ಸಂಗ್ರಹವು ೧೯೫೧ರಲ್ಲಿ ಹೈದರಾಬಾದಿನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ನೋಡಿ ಬೆರಗಾಗುವ ನಮ್ಮ ಜನರು, ಮೂರು ತಲೆಮಾರುಗಳ ಆ ಐಶ್ವರ್ಯದಲ್ಲಿ ಕೊಪ್ಪಳ ಯಲಬುರ್ಗೆಗಳ ಎರೆಭೂಮಿಯ ಬೆವರಿನ ಪಾಲೂ ಇರುವದೆಂದು ನೆನೆಯುವದು ತಪ್ಪಾಗದು.

ಒಡೆತನವು ಹೋದ ಬಳಿಕ ದರ್ಜೆಗೆ ಆಧಾರವಾದುದು ಎಣಿಕೆ. ೧೯೫೬ರ ನವೆಂಬರ ೧ರಂದು ಈ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿದವು. ಕನ್ನಡ ನಾಡು ಒಂದಾದರೂ ಅದರ ಪಟ್ಟಣಗಳು ಒಂದಾಗಲು ಇನ್ನೂ ಕಾಲ ಹಿಡಿಯಿತು. ಗದಗಿಗೆ ಮುಂಬಯಿಯ, ಬಳ್ಳಾರಿಗೆ ಮದರಾಸಿನ, ಕೊಪ್ಪಳಕ್ಕೆ ಹೈದರಾಬಾದಿನ ಕಾನೂನು ಮುಂದುವರಿದು, ೧೯೬೪ರ ಮುನಿಸಿಪಾಲಿಟಿಗಳ ಕಾನೂನಿನಿಂದ ಅವೆಲ್ಲ ಒಂದೇ ಕಟ್ಟಿಗೆ ಬಂದವು. ಜನಗಣತಿಯವರ ಲೆಕ್ಕ ಬೇರೆ: ೧೯೬೧ರಿಂದ ಅವರು ೫ ಸಾವಿರ ಜನಸಂಖ್ಯೆ, ಚದರ ಕಿಲೋಮೀಟರಿಗೆ ೪೦೦ ಜನ, ದುಡಿಯುವ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಕ್ಕಲುತನದ ಹೊರಗೆ ಎಂಬ ಮೂರು ಗುರುತುಗಳನ್ನು ಕಂಡರೆ ಊರನ್ನು ಪಟ್ಟಣವೆನ್ನುತ್ತ ಬಂದರು. ೧೯೯೩ರಲ್ಲಿ ಸಂವಿಧಾನದ ೭೪ನೆಯ ತಿದ್ದುಪಡಿಯು ಜಾರಿಗೆ ಬಂದಿತು. ಅದನ್ನನುಸರಿಸಿ ಕರ್ನಾಟಕದ ಕಾನೂನನ್ನು ೧೯೯೪ರಲ್ಲಿ ತಿದ್ದಿದಾಗ, ೧೦ ಸಾವಿರದಿಂದ ೨೦ ಸಾವಿರದ ವರೆಗಿನದು ಪಟ್ಟಣ ಪಂಚಾಯತಿ, ಅದರ ಮೇಲೆ ೫೦ ಸಾವಿರದ ವರೆಗೆ ಪುರಸಭೆ, ೩ ಲಕ್ಷದ ವರೆಗೆ ನಗರಸಭೆ, ಅದನ್ನು ಮೀರಿದ್ದು ಮಹಾನಗರಪಾಲಿಕೆ ಎಂದು ಮೆಟ್ಟಲುಗಳಾದವು. ಕುತೂಹಲದ ಸಂಗತಿಯೆಂದರೆ, ೧೯೪೮ರಲ್ಲಿ ಸ್ಥಾಪಿತವಾದ ಇಸ್ರೇಲ ದೇಶದಲ್ಲಿಯೂ ಊರುಗಳು ನಗರಸಭೆ, ಸ್ಥಳೀಯ ಮಂಡಳಿ, ಹಳ್ಳಿಗಳ ಗುಂಪಿಗೆ ಪ್ರಾಂತೀಯ ಮಂಡಳಿ ಎಂದು ಮೂರು ದರ್ಜೆಗಳಾಗಿವೆ; ಅಲ್ಲಿಯೂ ೨೦ ಸಾವಿರದ ಸುಮಾರಿನ ಎಣಿಕೆಯೇ ಸಾಮಾನ್ಯವಾಗಿ ನಗರಸಭೆಯ ಹೊಸ್ತಿಲು. ಅಲ್ಲಿಯ ಏರ್ಪಾಡಿಗೂ ಅಡಿಗಲ್ಲು ಬ್ರಿಟಿಷರ ಆಳಿಕೆಯ ಕಾನೂನುಗಳೇ.

ಎಣಿಕೆಯು ಒಡೆತನಕ್ಕಿಂತ ನ್ಯಾಯವಾದ ಅಳತೆಯೆಂಬುದರಲ್ಲಿ ಸಂದೇಹವಿಲ್ಲ; ಆದರೆ ಎಣಿಕೆಗೆ ನೆನಪಿಲ್ಲ. ಸಾಮ್ರಾಜ್ಯವೊಂದರ ತೊಟ್ಟಿಲಾಗಿದ್ದ ಆನೆಗೊಂದಿಯು ಇಂದು ಗ್ರಾಮ ಪಂಚಾಯತಿ. ೧೧೧೨ರಲ್ಲಿ ಮಹಾದೇವ ದಂಡನಾಯಕನು ದೇವಾಲಯ ಕಟ್ಟಿಸಿದ ಇಟಗಿಯು ಒಂದು ಹಳ್ಳಿ. ಸಿಂದರ ರಾಜಧಾನಿ ಯಲಬುರ್ಗಾ ಪಟ್ಟಣ ಪಂಚಾಯತಿ. ದಿವಾನಿಯ ಒಂದು ಮೂಲೆಯ ತಾಲ್ಲೂಕಾಗಿದ್ದ ಗಂಗಾವತಿಯು, ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಬತ್ತದ ಕಣಜವಾಗಿ, ೨೦೧೧ರ ಗಣತಿಯಲ್ಲಿ ಲಕ್ಷವನ್ನು ದಾಟಿತು. ೧೯೯೭ರಲ್ಲಿ ಜಿಲ್ಲಾಕೇಂದ್ರವಾದ ಕೊಪ್ಪಳವು ಎಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು. ಕಾಲುವೆಯ ಬದಿಗೆ ಎದ್ದ 'ಕ್ಯಾಂಪು'ಗಳು ಹಳೆಯ ನಕಾಶೆಯ ಯಾವ ದರ್ಜೆಗೂ ಸೇರದ ವಸತಿಗಳಾಗಿ ಬೆಳೆದವು. ಕೊಪ್ಪಳಕ್ಕೆ ಹೊಂದಿಕೊಂಡೇ ಇರುವ, ಮಗ್ಗಗಳ ಊರಾದ ಭಾಗ್ಯನಗರವು ಬೇರೆ ಪಟ್ಟಣ ಪಂಚಾಯತಿಯಾಗಿ ನಿಂತಿದೆ. ಬೀದಿಯಲ್ಲಿ ನಡೆಯುವವನಿಗೆ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಯದು.

ಜಿಲ್ಲೆಯಾದುದರಿಂದ ಆದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಸುಮಾರು ನೂರು ಮೈಲಿನ ರಾಯಚೂರಿನ ಹಾದಿಯು ಯಲಬುರ್ಗೆಯವನಿಗೆ ತಪ್ಪಿತು. ೨೦೧೩ರಲ್ಲಿ ಸಂವಿಧಾನದ ೩೭೧ನೆಯ ಜೆ ವಿಧಿಯ ಮೂಲಕ ಹಳೆಯ ಹೈದರಾಬಾದ ಸೀಮೆಗೆ ವಿಶೇಷ ಸ್ಥಾನ ದೊರೆತಾಗ ಕೊಪ್ಪಳ ಜಿಲ್ಲೆಗೂ ಅದರ ಪಾಲು ಬಂದಿತು. ೨೦೧೮ರ ಹೊತ್ತಿಗೆ ಕುಕನೂರು, ಕನಕಗಿರಿ, ಕಾರಟಗಿಗಳು ಹೊಸ ತಾಲ್ಲೂಕುಗಳಾದವು. ಆದರೆ ಮೆಟ್ಟಲೇರುವದೆಲ್ಲ ಲಾಭವೇ ಅಲ್ಲ. ೨೦೧೧ರ ಗಣತಿಯಂತೆ ಜಿಲ್ಲೆಯ ಸುಮಾರು ೧೩ ಲಕ್ಷ ೯೦ ಸಾವಿರ ಜನರಲ್ಲಿ ಪಟ್ಟಣವಾಸಿಗಳು ನೂರಕ್ಕೆ ೧೭ ಮಂದಿ ಮಾತ್ರ. ಗ್ರಾಮವು ಪಟ್ಟಣ ಪಂಚಾಯತಿಯಾದೊಡನೆ ಮನೆಯ ಕರದ ಲೆಕ್ಕ ಬದಲಾಗುವದು. ಗ್ರಾಮೀಣ ಉದ್ಯೋಗ ಖಾತರಿಯು ಹಳ್ಳಿಯ ಹೆಸರಿನೊಂದಿಗೆ ಕಟ್ಟಿದ್ದು, ಹಳ್ಳಿಯ ಹೆಸರು ಹೋದೊಡನೆ ಅದೂ ಹೋಗುವದು. ಬೇಸಿಗೆಯಲ್ಲಿ ಗುದ್ದಲಿ ಹಿಡಿದು ಮನೆ ನಡೆಸುವ ಕೂಲಿಯವಳಿಗೆ ತನ್ನೂರು ಪಟ್ಟಣವಾಯಿತೆಂಬ ಸುದ್ದಿಯು ಪೇಟೆಯ ವರ್ತಕನಿಗೆ ತಂದಷ್ಟು ಸಂತೋಷವನ್ನು ತರಲಾರದು. ದರ್ಜೆಯ ಪ್ರಶ್ನೆಯಲ್ಲಿ ಊರೆಲ್ಲ ಒಂದೇ ಬಾಯಿಯಿಂದ ಮಾತಾಡುವದೆಂದು ಭಾವಿಸಲಾಗದು.

ಹಾಗಾದರೆ ಹಳೆಯ ಕಾಲಕ್ಕೂ ಇಂದಿಗೂ ಆದ ನಿಜವಾದ ವ್ಯತ್ಯಾಸವೇನು? ದತ್ತಿಯ ಕಾಲದಲ್ಲಿ ದರ್ಜೆಯು ಅರಸನ ಪ್ರಸಾದ. ಒಡೆತನದ ಕಾಲದಲ್ಲಿ ಸರದಾರನ ಹಕ್ಕು. ಎಣಿಕೆಯ ಕಾಲದಲ್ಲಿ ಕಾನೂನಿನ ಲೆಕ್ಕ. ಈ ಮೂರರಲ್ಲಿ ಕೊನೆಯದರಲ್ಲಿ ಮಾತ್ರ ಒಂದು ಬಾಗಿಲು ತೆರೆದಿದೆ. ಊರಿನ ದರ್ಜೆಯನ್ನಾಗಲಿ ಎಲ್ಲೆಯನ್ನಾಗಲಿ ಬದಲಿಸುವ ಮುನ್ನ ಸರಕಾರವು ಕರಡನ್ನು ಪ್ರಕಟಿಸಿ ಊರವರ ಆಕ್ಷೇಪಣೆಗಳನ್ನು ಕರೆಯಬೇಕು. ರಶಿಯದ ಯೆಹೂದ್ಯನಿಗೆ ಈ ಬಾಗಿಲಿರಲಿಲ್ಲ. ಸಾಲಾರ್ ಜಂಗರ ಕೊಪ್ಪಳದವನಿಗೂ ಇರಲಿಲ್ಲ. ನಮಗಿದೆ. ಆದರೆ ಕಚೇರಿಯ ಹಲಗೆಗೆ ಹಚ್ಚಿದ ಆ ಕಾಗದವನ್ನು ಓದುವವರೆಷ್ಟು ಮಂದಿ? ಓದಬಲ್ಲವರು ಓದದೆ, ಓದಲಾರದವರಿಗೆ ಹೇಳದೆ ಇದ್ದರೆ, ಅವಧಿ ತೀರಿದ ಮರುದಿನ ಊರಿನ ಹೆಸರು ಬದಲಾಗುವದು; ಆಮೇಲೆ ಮಾಡುವ ಚರ್ಚೆಯು ಬರಿಯ ಚರಿತ್ರೆಯಾಗುವದು.

ಇದನ್ನೋದುವ ಮನೆಗಳು ಅಕ್ಷರಬಲ್ಲ ಮನೆಗಳು. ಒಂದು ಕಾಲಕ್ಕೆ ನಮ್ಮ ಅಜ್ಜಂದಿರು ತಮ್ಮ ಊರಿನ ಅರ್ಜಿಯನ್ನು ತಮಗೆ ತಿಳಿಯದ ಭಾಷೆಯಲ್ಲಿ ಬರೆಯಿಸಬೇಕಾಗಿತ್ತು. ಇಂದು ಪ್ರಕಟಣೆಯು ಕನ್ನಡದಲ್ಲಿಯೇ ಬರುವದು. ಅದನ್ನು ಓದಿ, ಕಟ್ಟೆಯ ಮೇಲೆ ನಾಲ್ಕು ಜನರಿಗೆ ತಿಳಿಸಿ, ಬೇಕಾದರೆ ಒಪ್ಪಿ, ಬೇಡವಾದರೆ ಅವಧಿಯೊಳಗೆ ಆಕ್ಷೇಪಣೆ ಬರೆದು ಕೊಡುವದು ದೊಡ್ಡ ಸಾಹಸವೇನಲ್ಲ. ಅಷ್ಟನ್ನು ಮಾಡಿದೆವಾದರೆ, ನಮ್ಮೂರಿನ ಎರಡನೆಯ ಹೆಸರನ್ನು ಇಡುವಲ್ಲಿ ನಮ್ಮ ಕೈಯೂ ಇದ್ದಂತಾಗುವದು.